ದೇವಿಯ ದನಿ ಕೇಳುವ ಮಗ: ಮಾತ್ರೆಯೋ, ಜಪವೋ?

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಧ್ಯಾನ ಶಿಬಿರದಿಂದ ಬಂದ ಮೇಲೆ ನಿದ್ದೆ, ಊಟ ಬಿಟ್ಟ. ದೇವಿ ಕಿವಿಯಲ್ಲಿ ಮಾತಾಡುತ್ತಾಳೆ, ಬಿಲ್ಡಿಂಗಿನವರು ಊಟಕ್ಕೆ ವಿಷ ಹಾಕುತ್ತಾರೆ ಎನ್ನುತ್ತಿದ್ದ. ಡಾಕ್ಟರು ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಎಂದು ರಿಸ್ಪೆರಿಡೋನ್ ಮಾತ್ರೆ ಕೊಟ್ಟರು, ಈಗ ಶಾಂತನಾಗಿದ್ದಾನೆ. ಊರಿನ ಹಿರಿಯರು, ‘ಇದು ಮೈಮೇಲೆ ಬಂದದ್ದು, ಮಾತ್ರೆ ಬಿಡಿಸಿ 48 ದಿನ ವ್ರತ ಹಿಡಿಸಿ’ ಎನ್ನುತ್ತಿದ್ದಾರೆ. ಅವನಿಗೂ ಜಪಕ್ಕೆ ಕೂರುವ ಆಸೆ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಮ್ಮಾ, ಮಾತ್ರೆ ಬಿಡಿಸಬೇಡಿ. ಮೊದಲ ಸಲ ಬಂದ ಸೈಕೋಸಿಸ್‌ಗೆ, ಲಕ್ಷಣ ಇಳಿದ ಮೇಲೂ ಸಾಮಾನ್ಯವಾಗಿ 1ರಿಂದ 2 ವರ್ಷ ಔಷಧಿ ಮುಂದುವರಿಸುತ್ತಾರೆ. ಬಿಟ್ಟ ಮರುದಿನವೇ ಕಾಯಿಲೆ ಮರುಕಳಿಸುವುದಿಲ್ಲ. ವಾರಗಳೋ ತಿಂಗಳುಗಳೋ ಹಿಡಿಯಬಹುದು. ಅಷ್ಟರಲ್ಲಿ ವ್ರತ ಮುಗಿದಿರುತ್ತದೆ, ವ್ರತದಿಂದಲೇ ಗುಣವಾಯಿತೆಂದು ಮನೆಯವರು ನಂಬಿರುತ್ತಾರೆ. ಎಡವುವುದು ಇಲ್ಲೇ.

ದೇವಿಗೆ ಅಪಚಾರವಾದೀತೆಂಬ ಅಳುಕು ಬೇಡ. ಈ ಕಾಯಿಲೆಯಲ್ಲಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕ ಏರುಪೇರಾಗಿ, ಸಾಮಾನ್ಯ ಸದ್ದು, ನೋಟಗಳಿಗೂ ವಿಪರೀತ ಅರ್ಥ ಅಂಟಿಕೊಳ್ಳುತ್ತದೆ. ಭಕ್ತರ ಮನೆಯಲ್ಲಿ ಅದು ದೇವಿಯಾಗಿ ಬರುತ್ತದೆ, ಇನ್ನೊಂದು ಮನೆಯಲ್ಲಿ ಪೊಲೀಸರಾಗಿ. ಪಾತ್ರಿಯ ಮೈಮೇಲೆ ದೇವರು ಬರುವ ದರ್ಶನಕ್ಕಾದರೆ ಹೊತ್ತು, ಜಾಗ, ಕಟ್ಟುಪಾಡು ಇರುತ್ತವೆ. ಮುಗಿದ ಮೇಲೆ ಪಾತ್ರಿ ಊಟ ಮಾಡಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ನಿಮ್ಮ ಮಗನಿಗೆ ಊಟ, ನಿದ್ದೆ ಎರಡೂ ಹೋಗಿ ಭಯ ಉಳಿಯಿತು.

ಜಪ ಬೇಡವೆನ್ನುವುದಿಲ್ಲ, ಬಗೆ ಬದಲಾಗಬೇಕು. ಕಣ್ಣು ಮುಚ್ಚಿ ಮೌನವಾಗಿ ಗಂಟೆಗಟ್ಟಲೆ ಕೂತರೆ ಒಳಗಿನ ದನಿ ಜೋರಾಗಬಹುದು. ಸಂಜೆ ದೀಪ ಹಚ್ಚಿದಾಗ, ಕಣ್ಣು ತೆರೆದು, ನಿಮ್ಮ ಜೊತೆ ಗಟ್ಟಿಯಾಗಿ 5ರಿಂದ 10 ನಿಮಿಷ ನಾಮ ಹೇಳಲಿ. ಭಜನಾ ಮಂಡಳಿಗೆ ಹೋಗಲಿ. ದನಿ ಹೆಚ್ಚಿತೆಂದರೆ ಅಲ್ಲಿಗೇ ನಿಲ್ಲಿಸಿ. ಜಾಗರಣೆ, ಉಪವಾಸ, ಮೌನ ಶಿಬಿರ ಸದ್ಯ ಬೇಡವೇ ಬೇಡ. ಏಕಾದಶಿಯಂದೂ ಮಾತ್ರೆ ತಪ್ಪಬಾರದು. ಶಿವರಾತ್ರಿಯ ಭಾಂಗ್ ಪ್ರಸಾದವೆಂದರೂ ಒಂದು ಗುಟುಕೂ ಬೇಡ. ಗಾಂಜಾ ಗಿಡದ್ದೇ ಅದು, ಕಾಯಿಲೆ ಕೆರಳಿಸುತ್ತದೆ.

ದನಿಯ ಬಗ್ಗೆ ಹೇಳಿದಾಗ ವಾದಿಸಬೇಡಿ, ಹೂಂಗುಟ್ಟಲೂ ಬೇಡಿ. ‘ನನಗೆ ಕೇಳಿಸ್ತಿಲ್ಲ ಮಗಾ, ಆದ್ರೆ ನಿನಗೆ ಹೆದರಿಕೆ ಆಗ್ತಿದೆ, ನಾನು ಇಲ್ಲೇ ಇದ್ದೇನೆ’ ಎಂದರೆ ಸಾಕು.

ಕೂತಲ್ಲಿ ಕೂರಲಾಗದ ಚಡಪಡಿಕೆ, ಕೈನಡುಕ, ಮೈ ಬಿಗಿತ ಕಂಡರೆ ಭೂತಬಾಧೆ ಎಂದುಕೊಳ್ಳಬೇಡಿ, ಮಾತ್ರೆಯ ಅಡ್ಡಪರಿಣಾಮವಿರಬಹುದು. ಡಾಕ್ಟರಿಗೆ ಹೇಳಿದರೆ ಪ್ರಮಾಣ ಸರಿಹೊಂದಿಸುತ್ತಾರೆ. ಎರಡು ರಾತ್ರಿ ನಿದ್ದೆ ತಪ್ಪಿದರೆ, ಮನೆಯ ಊಟವನ್ನೇ ಅನುಮಾನಿಸಿದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ‘ಸಾಯಿ’ ಅಥವಾ ‘ಹೊಡಿ’ ಎಂದು ದನಿ ಆಜ್ಞೆ ಮಾಡುತ್ತಿದ್ದರೆ ಅವನನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ಹತ್ತಿರದ ಥಾಣೆ ನಗರದಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲೂ ರಾತ್ರಿಯೂ ಉಚಿತ. ಯಾವ ಕ್ಷೇತ್ರದಲ್ಲೇ ಆಗಲಿ, ಕಟ್ಟಿಹಾಕಲು ಬಿಡಬೇಡಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಪ್ರಶ್ನೆ: ಸೈಕೋಸಿಸ್ ಇರುವ ನನ್ನ ತಮ್ಮ ಮಾತ್ರೆ ಒಲ್ಲೆ ಎನ್ನುತ್ತಾನೆ. ತೀರ್ಥದಲ್ಲಿ ಕರಗಿಸಿ ಕೊಡಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಬೇಡ. ವಿಷ ಹಾಕುತ್ತಾರೆಂಬ ಭಯ ಈ ಕಾಯಿಲೆಯಲ್ಲಿ ಸಾಮಾನ್ಯ. ಗೊತ್ತಾದ ದಿನ ಆ ಭಯ ನಿಜವಾದಂತಾಗಿ, ನಿಮ್ಮ ಮೇಲಿನ ನಂಬಿಕೆಯೂ ತೀರ್ಥದ ಮೇಲಿನದೂ ಒಟ್ಟಿಗೇ ಹೋಗುತ್ತದೆ. ಯಾಕೆ ಒಲ್ಲೆ ಎಂದು ಮೊದಲು ಕೇಳಿ. ಎಷ್ಟೋ ಸಲ ಕಾರಣ ತೂಕಡಿಕೆಯೋ ಮೈ ದಪ್ಪವಾಗುವುದೋ ಆಗಿರುತ್ತದೆ, ಔಷಧಿ ಬದಲಿಸಬಹುದು. ದಿನಾ ನುಂಗುವುದೇ ಬೇಸರವಾದರೆ, 2 ಅಥವಾ 4 ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಅವನಿಗೆ ಹೊಂದುತ್ತದೆಯೇ ಎಂದು ಅವನ ಎದುರೇ ಡಾಕ್ಟರನ್ನು ಕೇಳಿ.