ಹತೋಟಿಯಲ್ಲಿರುವ, ಆದರೆ ವಾಸಿಯಾಗದ ಕ್ಯಾನ್ಸರ್: ಒಂದು ಕಾಫಿ ತೋಟದ ಮನೆಯ ಪ್ರಕರಣ

ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರೊಬ್ಬರ ಪತ್ನಿ ಸಲಹೆಗೆಂದು ನನ್ನ ಬಳಿ ಬಂದ ಮೊದಲ ಭೇಟಿಯಲ್ಲಿ ಹೆಚ್ಚು ಹೊತ್ತು ಮಾತನಾಡಿದ್ದು ಗಂಡನ ಸಿಟ್ಟಿನ ಬಗ್ಗೆ. (ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.) ಅರವತ್ತರ ಹತ್ತಿರದ ಆ ಬೆಳೆಗಾರರಿಗೆ ಎರಡು ವರ್ಷದ ಹಿಂದೆ ಬೆನ್ನುನೋವು ಶುರುವಾದಾಗ, ಮರಗಸಿಯ (ತೋಟದ ನೆರಳು ಮರಗಳ ಕೊಂಬೆ ಸವರುವ) ಸಮಯದಲ್ಲಿ ಏಣಿ ಹೊತ್ತದ್ದೇ ಕಾರಣವೆಂದು ಮನೆಯವರು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದ್ದರು. ಬೆನ್ನುಮೂಳೆಯೊಂದು ಕುಸಿದಿರುವುದು ಸ್ಕ್ಯಾನಿಂಗ್‌ನಲ್ಲಿ ಕಂಡು, ಮೈಸೂರಿನಲ್ಲಿ ಅಸ್ಥಿಮಜ್ಜೆಯ ಪರೀಕ್ಷೆಯಾದ ಮೇಲೆ ಮಲ್ಟಿಪಲ್ ಮೈಲೋಮಾ ಎಂದು ತಿಳಿಯಿತು. ಅಸ್ಥಿಮಜ್ಜೆಯ ಪ್ಲಾಸ್ಮಾ ಕಣಗಳಲ್ಲಿ, ಅಂದರೆ ಸೋಂಕು ತಡೆಯುವ ಒಂದು ಬಗೆಯ ಬಿಳಿ ರಕ್ತಕಣಗಳಲ್ಲಿ, ಹುಟ್ಟುವ ಈ ಕ್ಯಾನ್ಸರ್ ಔಷಧಿಗೆ ಬಗ್ಗುತ್ತದೆ, ಹಲವರಲ್ಲಿ ವರ್ಷಗಟ್ಟಲೆ ಹತೋಟಿಯಲ್ಲಿರುತ್ತದೆ. ಆದರೆ ಸಾಮಾನ್ಯವಾಗಿ ಮರುಕಳಿಸುತ್ತದೆ, ಆಗ ವೈದ್ಯರು ಬೇರೆ ಔಷಧಿಗೆ ಹೋಗುತ್ತಾರೆ.

“ರಿಪೋರ್ಟ್ ಚೆನ್ನಾಗಿದೆ ಅಂತಾರೆ, ವಾಸಿಯಾಗಲ್ಲ ಅಂತಲೂ ಅಂತಾರೆ. ನಾನು ಯಾವುದನ್ನ ನಂಬ್ಲಿ ಮೇಡಂ?” ಎಂದು ಆಕೆ ಕೇಳಿದರು. ಎರಡನ್ನೂ ನಂಬಬೇಕಾಗುತ್ತದೆ ಎಂದೆ. ಇಂಥ ಕಾಯಿಲೆಯನ್ನು ಸಕ್ಕರೆ ಕಾಯಿಲೆಗೆ ಹೋಲಿಸಿ ಸಮಾಧಾನ ಹೇಳುವುದುಂಟು. ನನಗೆ ಅದು ಅರ್ಧ ಮಾತ್ರ ಒಪ್ಪಿಗೆ, ಏಕೆಂದರೆ ಪ್ರತಿ ರಕ್ತಪರೀಕ್ಷೆಗೆ ಮುಂಚಿನ ವಾರ ಈ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರುವುದಿಲ್ಲ. ಆದ್ದರಿಂದ, ಮುಂದಿನ ಹತ್ತು ವರ್ಷದ ಲೆಕ್ಕವನ್ನು ಬದಿಗಿಟ್ಟು, ಒಂದು ಪರೀಕ್ಷೆಯಿಂದ ಇನ್ನೊಂದರವರೆಗಿನ ಅವಧಿಯಲ್ಲಿ ಕೊಯ್ಲು, ಮೆಣಸು, ನೆಂಟರ ಮನೆಯ ಮದುವೆ ಇವುಗಳಲ್ಲಿ ಯಾವುದನ್ನು ಮಾಡಬಹುದು ಎಂಬುದನ್ನಷ್ಟೇ ಗಂಡನೊಂದಿಗೆ ಕೂತು ತೀರ್ಮಾನಿಸಲು ಸೂಚಿಸಿದೆ.

ಇನ್ನು ಸಿಟ್ಟಿನ ವಿಷಯ. ಬೆಳೆಗಾರರಿಗೆ ಮೈಲೋಮಾಕ್ಕೆಂದು ಲೆನಲಿಡೊಮೈಡ್ ಮಾತ್ರೆ 21 ದಿನ, ಆಮೇಲೆ 7 ದಿನ ಬಿಡುವು. ಜೊತೆಗೆ ವಾರಕ್ಕೊಮ್ಮೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಜಗಳವಾದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಲು ಹೇಳಿದ್ದೆ. ಮುಂದಿನ ಸಲ ಆಕೆ ಆ ಹಾಳೆಯನ್ನೇ ಮಡಚಿ ತಂದಿದ್ದರು: ಗುರುತುಗಳು ಹೆಚ್ಚಾಗಿ ಮಂಗಳವಾರ, ಬುಧವಾರದ ಕೆಳಗೇ ಇದ್ದವು, ಸ್ಟೀರಾಯ್ಡ್ ನುಂಗುತ್ತಿದ್ದದ್ದು ಸೋಮವಾರ ರಾತ್ರಿ ಊಟವಾದ ಮೇಲೆ. ನಿದ್ದೆಗೇಡು, ಚಡಪಡಿಕೆ, ಸಿಡುಕು ಆ ಔಷಧಿಯ ಗೊತ್ತಿರುವ ಅಡ್ಡಪರಿಣಾಮಗಳು. ಹಾಳೆಯನ್ನು ವೈದ್ಯರಿಗೆ ತೋರಿಸಿದಾಗ ಅವರು ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಿಸಿ, ರಕ್ತದ ಸಕ್ಕರೆಯನ್ನೂ ನೋಡಿಸಲು ತಿಳಿಸಿದರು. ಸಿಟ್ಟೆಲ್ಲವೂ ಮಾತ್ರೆಯದೇ ಎಂದು ಮಾತ್ರ ನಾನು ಹೇಳಲಾರೆ. ಆಳುಗಳ ಬಟವಾಡೆಯನ್ನು ಹೆಂಡತಿ ವಹಿಸಿಕೊಂಡ ಮೇಲೆ ತಾನು ತೋಟಕ್ಕೆ ಬೇಡವಾದೆ ಎಂಬ ನೋವು ಅವರಲ್ಲಿತ್ತು. ಬಟವಾಡೆ ಪುಸ್ತಕ ಮತ್ತೆ ಅವರ ಕೈಗೇ ಹೋಗಲಿ, ಕಣದ ದೂಳಿನಲ್ಲಿ ನಿಲ್ಲುವ ಮತ್ತು ಮೂಟೆ ಎತ್ತುವ ಕೆಲಸ ಮಾತ್ರ ಬೇರೆಯವರು ನೋಡಲಿ ಎಂದು ಇಬ್ಬರನ್ನೂ ಒಪ್ಪಿಸಿದೆ.

ಕಷ್ಟವಾದದ್ದು ಗುಟ್ಟಿನ ವಿಷಯದಲ್ಲಿ. ಮಗಳಿಗೆ ಸಂಬಂಧ ನೋಡುತ್ತಿದ್ದುದರಿಂದ, ಬೆನ್ನುಮೂಳೆ ಸವೆದಿದೆ ಎಂದಷ್ಟೇ ನೆಂಟರಿಗೆ ಹೇಳಿದ್ದರು. ಹೀಗಾಗಿ, ಸೋಂಕು ಬೇಗ ತಗಲುವ ಇವರ ಪಕ್ಕದಲ್ಲೇ ಕೆಮ್ಮುವವರೂ ಬಂದು ಕೂರುತ್ತಿದ್ದರು, ಯಾರೋ ಕೊಟ್ಟ ನೋವಿನ ಮಾತ್ರೆಯನ್ನು ಇವರು ಬೇಡವೆನ್ನಲಾಗದೆ ನುಂಗಿದ್ದರು. ಮೈಲೋಮಾ ಮೂತ್ರಪಿಂಡವನ್ನೂ ಕಾಡುವ ಕಾಯಿಲೆಯಾದ್ದರಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳುವುದು ಅಪಾಯ. ಊರಿಗೆಲ್ಲ ಸಾರಬೇಕಿಲ್ಲ, ಆದರೆ ಅವರ ತಮ್ಮ, ಪಕ್ಕದ ತೋಟದವರು, ರಾತ್ರಿ ಹೊತ್ತು ಜೀಪು ತರಬಲ್ಲವರು, ಇಷ್ಟು ಜನಕ್ಕೆ ನಿಜ ಗೊತ್ತಿರಬೇಕು ಎಂದೆ. ಗಂಡಿನ ಕಡೆಯವರಿಗೆ ಹೇಳಲು ಒಂದು ವಾಕ್ಯವನ್ನೂ ಕೂತು ಸಿದ್ಧಮಾಡಿದೆವು: “ಅಪ್ಪನಿಗೆ ರಕ್ತದ ಕ್ಯಾನ್ಸರ್ ಇದೆ, ಹತೋಟಿಯಲ್ಲಿದೆ, ಅಂಟುವುದಲ್ಲ, ಸಾಮಾನ್ಯವಾಗಿ ವಂಶದಲ್ಲಿ ಬರುವಂಥದ್ದೂ ಅಲ್ಲ.”

ನಮ್ಮ ಜಿಲ್ಲೆಗೆ ಬೇಕಾದ ಸಲಹೆಗಳೇ ಬೇರೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ, ಕರೆಂಟು, ಫೋನು ಮೂರೂ ಒಟ್ಟಿಗೆ ಹೋಗುವುದರಿಂದ, ಜೂನ್‌ಗೆ ಮೊದಲೇ ವೈದ್ಯರನ್ನು ಕೇಳಿ ಮಾತ್ರೆಯ ದಾಸ್ತಾನು ಇಟ್ಟುಕೊಳ್ಳುವುದು, ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಕ್ಯಾನ್ಸರ್ ಔಷಧಿ ನಡೆಯುತ್ತಿದೆ ಎಂದು ಮೊದಲೇ ತಿಳಿಸುವುದು. ಉಪಶಾಮಕ ಆರೈಕೆಯ ವಿಭಾಗಕ್ಕೆ ಹೋಗಿ ಎಂದಾಗ ಕೊನೆಗಾಲ ಬಂತೆಂದು ಹೆದರಿ ಇವರು ಹೋಗಿರಲಿಲ್ಲ. ಚಿಕಿತ್ಸೆಯ ಜೊತೆಜೊತೆಗೇ ನೋವು, ನಿದ್ದೆ, ಆತಂಕವನ್ನು ನೋಡಿಕೊಳ್ಳುವ ವಿಭಾಗ ಅದು ಎಂದು ವಿವರಿಸಿದ ಮೇಲೆ ಹೋಗಿ ಬಂದರು. ಆಕೆಗೆ ರಾತ್ರಿ ತಡೆಯಲಾಗದಷ್ಟು ಭಯವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದೆಂದು ತಿಳಿಸಿದ್ದೇನೆ.

ಒಂದು ಸಂಬಂಧ ಮುರಿದುಬಿತ್ತು, ಇನ್ನೊಂದರ ಮಾತುಕತೆ ನಡೆಯುತ್ತಿದೆ. ತನ್ನ ಮಾವನಿಗೆ, ಅಂದರೆ ಗಂಡನ ತಂದೆಗೆ, ಮಾತ್ರ ಆಕೆ ಇನ್ನೂ ನಿಜ ಹೇಳಿಲ್ಲ, ನಾನೂ ಒತ್ತಾಯಿಸಿಲ್ಲ. ತೋಟದ ಖಾತೆ, ಬ್ಯಾಂಕಿನ ಬೆಳೆಸಾಲ, ಕಾಯಿಲೆ ಮರುಕಳಿಸಿದರೆ ಮೈಸೂರಿಗೆ ಓಡಾಡುವವರು ಯಾರು ಎಂಬ ಮಾತು ಬಾಕಿಯಿರುವುದರಿಂದ, ಮುಂದಿನ ಭೇಟಿಗೆ ಬೆಂಗಳೂರಿನಲ್ಲಿರುವ ಮಗನನ್ನೂ ಕರೆತರಲು ಕೇಳಿಕೊಂಡಿದ್ದೇನೆ.