ತರಗತಿಯಲ್ಲೇ ಅಡುಗೆ ಮಾಡಿಸಿದರೆ ಮಕ್ಕಳು ಹೊಸ ಆಹಾರ ತಿನ್ನಲು ಕಲಿಯುತ್ತಾರಾ?

ನಿಮ್ಮ ಪ್ರಶ್ನೆ ಇಷ್ಟು: ಮೂರನೇ ತರಗತಿಗೆ ಪಾಠ ಮಾಡುತ್ತೀರಿ. ಮಕ್ಕಳು ಅನ್ನ, ಸಾರು, ಬಿಸ್ಕತ್ತು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ಸೊಪ್ಪು ಕಂಡರೆ ತಟ್ಟೆಯ ಅಂಚಿಗೆ ತಳ್ಳುತ್ತಾರೆ. ಅವರ ಕೈಯಲ್ಲೇ ಅಡುಗೆ ಮಾಡಿಸಿದರೆ ತಿನ್ನುತ್ತಾರಾ, ಯಾವುದರಿಂದ ಶುರು ಮಾಡಬೇಕು, ಅಡುಗೆಮನೆ ಇಲ್ಲದೆ ಇದು ಆಗುತ್ತದಾ, ಕೆಲಸ ಮಾಡಿತು ಅಂತ ಗೊತ್ತಾಗೋದು ಹೇಗೆ ಎಂದು ಕೇಳಿದ್ದೀರಿ.

ಆಗುತ್ತದೆ. ನಾನು ಬೆಂಗಳೂರಿನ ಅಂಚಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಹಲವು ವರ್ಷಗಳಿಂದ ಮಕ್ಕಳ ಜೊತೆ ಅಡುಗೆ ಮಾಡುತ್ತಾ ಬಂದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಡುಗೆ ಮಾಡಿದ ದಿನವೇ ಮಗು ತಿನ್ನಬೇಕು ಎಂದು ಕೂತರೆ ಕೆಲಸ ಕೆಡುತ್ತದೆ. ಆ ದಿನ ಆಗಬೇಕಾದ್ದು ಪರಿಚಯ ಮಾತ್ರ. ಆ ಪದಾರ್ಥ ಮಗುವಿನ ಕೈಗೆ ಗೊತ್ತಾಗಬೇಕು, ಮೂಗಿಗೆ ಗೊತ್ತಾಗಬೇಕು. ಬಾಯಿಯ ಸರದಿ ಕೊನೆಯದು. ತರಗತಿಗೆ ಹೊಸದಾಗಿ ಸೇರಿದ ಹುಡುಗನ ಪಕ್ಕ ಮೊದಲ ದಿನ ಯಾರೂ ಕೂರುವುದಿಲ್ಲ, ಎರಡು ವಾರ ಕಳೆದರೆ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡುತ್ತಾರೆ, ಅಲ್ವಾ? ಊಟದ ವಿಷಯವೂ ಹಾಗೇ ನಡೆಯುತ್ತದೆ.

ಹೊಸ ಆಹಾರ ಕಂಡರೆ ಹಿಂದೆ ಸರಿಯುವುದು ಮಕ್ಕಳ ಹಟ ಅಲ್ಲ. ಎರಡರಿಂದ ಆರು ವರ್ಷದ ನಡುವೆ ಈ ಹೆದರಿಕೆ ಜಾಸ್ತಿ ಇರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ತಾನಾಗಿ ಓಡಾಡಲು ಕಲಿತ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಂತೆ ಕಾಯುವ ಗುಣ ಇದು ಎಂದು ಹಲವು ಸಂಶೋಧಕರು ಹೇಳುತ್ತಾರೆ. ಅಮೆರಿಕದ ಲೀಆನ್ ಬರ್ಚ್ ಎಂಬ ಸಂಶೋಧಕಿ ಮಕ್ಕಳ ಊಟದ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. 1982ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳಿಗೆ ಗೊತ್ತಿಲ್ಲದ ಹಣ್ಣು, ಚೀಸ್ ಕೊಟ್ಟು ನೋಡಿದರು. ಯಾವುದನ್ನು ಹೆಚ್ಚು ಸಲ ರುಚಿ ನೋಡಿದ್ದರೋ ಅದನ್ನೇ ಮಕ್ಕಳು ಹೆಚ್ಚು ಇಷ್ಟಪಟ್ಟರು. 1987ರಲ್ಲಿ ಇನ್ನೊಂದು ವಿಷಯ ಹೊರಬಂತು. ಸುಮ್ನೆ ನೋಡುತ್ತಾ ಇದ್ದರೆ ನಾಲಿಗೆಯ ಇಷ್ಟ ಬೆಳೆಯುವುದಿಲ್ಲ, ಚೂರಾದರೂ ರುಚಿ ನೋಡಬೇಕು.

ನಾನು ನಿಮಗೆ ಒತ್ತಿ ಹೇಳಬೇಕಾದ್ದು ಇಲ್ಲೇ ಇದೆ. ಪ್ರತಿ ಸಲ ಹೊಸ ತಿಂಡಿ ಮಾಡಿಸಬೇಡಿ. ಅಡುಗೆ ದಿನ ಅಂದರೆ ಹಬ್ಬ ಎಂದುಕೊಂಡು ಈ ತಿಂಗಳು ಪಾಸ್ತಾ, ಮುಂದಿನ ತಿಂಗಳು ಸ್ಯಾಂಡ್‌ವಿಚ್, ಅದರ ಮುಂದಿನದು ಭೇಲ್ ಪುರಿ ಎಂದು ಮಾಡುತ್ತಾರೆ. ಮಕ್ಕಳು ಖುಷಿಪಡುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ, ಯಾವ ಪದಾರ್ಥವೂ ಪರಿಚಯ ಆಗುವುದಿಲ್ಲ. ಅದರ ಬದಲು ಒಂದೇ ಪದಾರ್ಥ ಹಿಡಿಯಿರಿ. ಅದನ್ನೇ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ತನ್ನಿ. ನಾನು ಶಾಲೆಯ ಒಂದು ಟರ್ಮಿಗೆ ಎರಡು ಪದಾರ್ಥಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ.

ರಾಗಿಯನ್ನೇ ನೋಡಿ. ಮುದ್ದೆ ಎಂದರೆ ಮೂಗು ಮುರಿಯುವ ಮಕ್ಕಳು ನಮ್ಮಲ್ಲೂ ಇದ್ದಾರೆ. ಅವರಿಗೆ ಕಷ್ಟ ಆಗುತ್ತಿರುವುದು ರುಚಿಯಲ್ಲ. ಮುದ್ದೆಯನ್ನು ಅಗಿಯದೆ ನುಂಗಬೇಕು. ಚಿಕ್ಕಂದಿನಿಂದ ರೂಢಿ ಇಲ್ಲದ ಮಗುವಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ ಅನಿಸುತ್ತದೆ. ಅದೇ ರಾಗಿಯನ್ನು ಒತ್ತುಶ್ಯಾವಿಗೆ ಮಾಡಿದರೆ ಕಥೆ ಬೇರೆ. ಶ್ಯಾವಿಗೆ ಒರಳು ತರಗತಿಗೆ ಬಂದ ದಿನ ಮಕ್ಕಳು ಬೇರೆ ಏನನ್ನೂ ನೋಡುವುದಿಲ್ಲ. ರಾಗಿ ಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ತೊಳಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಬೇಕು. ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಎಳೆ ಇಳಿಯುವುದಿಲ್ಲ. ಹಾಗಾಗಿ ಬೇಯಿಸುವುದು, ಉಂಡೆಯನ್ನು ಒರಳಿಗೆ ಹಾಕುವುದು ದೊಡ್ಡವರ ಕೆಲಸ. ಹಿಡಿ ಒತ್ತುವುದು ಮಕ್ಕಳ ಕೆಲಸ. ಇಬ್ಬರು ಸೇರಿ ಮೈಭಾರ ಹಾಕಿ ಒತ್ತಿದಾಗ ಕೆಳಗೆ ಕಂದು ಎಳೆಗಳು ಇಳಿಯುವುದನ್ನು ಉಳಿದವರು ಬಗ್ಗಿ ನೋಡುತ್ತಾರೆ. ಕಾಯಿಹಾಲು, ಬೆಲ್ಲ, ಏಲಕ್ಕಿ ಹಾಕಿ ಕೊಟ್ಟರೆ ಮುದ್ದೆ ಬೇಡ ಎಂದ ಮಕ್ಕಳಲ್ಲೇ ಹಲವರು ಬಟ್ಟಲು ಚಾಚುತ್ತಾರೆ. ಮುಂದಿನ ಸಲ ಬೆಲ್ಲ ಬಿಟ್ಟು ಒಗ್ಗರಣೆ ಶ್ಯಾವಿಗೆ ಮಾಡಿಸಿ. ಆಮೇಲೆ ರಾಗಿ ರೊಟ್ಟಿ. ಮುದ್ದೆ ಎಲ್ಲಕ್ಕಿಂತ ಕೊನೆಗೆ ಬರಲಿ. ಸರ್ಕಾರಿ ಶಾಲೆಗಳಲ್ಲಿ 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೂಡ ಕೊಡುತ್ತಿದ್ದಾರೆ. ನಿಮ್ಮದು ಸರ್ಕಾರಿ ಶಾಲೆ ಆಗಿದ್ದರೆ ಪರಿಚಯದ ಮೊದಲ ಮೆಟ್ಟಿಲು ಆಗಲೇ ಸಿದ್ಧವಾಗಿದೆ ಎಂದುಕೊಳ್ಳಿ.

ರಾಗಿಯಲ್ಲಿ ಸುಣ್ಣದ ಅಂಶ (ಕ್ಯಾಲ್ಸಿಯಂ) ಎಷ್ಟು ಇದೆ ಎಂದು ಮಕ್ಕಳಿಗೆ ಪಾಠ ಮಾಡಲು ಹೋಗಬೇಡಿ. ನೂರು ಗ್ರಾಂಗೆ 340 ಮಿಲಿಗ್ರಾಂಗಿಂತ ಜಾಸ್ತಿ ಇದೆ, ಅದು ನಿಮಗೆ ಗೊತ್ತಿದ್ದರೆ ಸಾಕು. 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಇದನ್ನು ತಿಂದರೆ ಶಕ್ತಿ ಬರುತ್ತದೆ, ಎಣಿಸಲು ಚೆನ್ನಾಗಿ ಬರುತ್ತದೆ ಎಂಬ ಕಥೆ ಕೇಳಿದ ಪುಟ್ಟ ಮಕ್ಕಳು ಅದೇ ತಿಂಡಿಯನ್ನು ಕಮ್ಮಿ ತಿಂದರು. ಒಳ್ಳೆಯದು ಎಂದು ಹೇಳುತ್ತಿದ್ದಾರೆ ಅಂದಮೇಲೆ ರುಚಿ ಇರಲಾರದು ಎಂದು ಮಕ್ಕಳು ಲೆಕ್ಕ ಹಾಕುತ್ತಾರೆ. ಬಹುಮಾನವೂ ಬೇಡ. ತಿಂದರೆ ಚಾಕೊಲೇಟ್, ತಿಂದರೆ ಸ್ಟಾರ್ ಎಂಬುದು ಉಲ್ಟಾ ಹೊಡೆಯಬಹುದು. ಬರ್ಚ್ ಅವರೇ 1984ರಲ್ಲಿ ಇದನ್ನು ತೋರಿಸಿದರು. ಕೆಫೀರ್ ಎಂಬ ಮಜ್ಜಿಗೆಯಂಥ ಪಾನೀಯ ಕುಡಿದರೆ ಬಹುಮಾನ ಎಂದು ಕೆಲವು ಮಕ್ಕಳಿಗೆ ಹೇಳಿದ್ದರು. ಅವರಿಗೆ ಆ ಪಾನೀಯದ ಮೇಲಿನ ಇಷ್ಟವೇ ಕಡಿಮೆಯಾಯಿತು.

ಈಗ ಅಡುಗೆಮನೆ ಇಲ್ಲದೆ ಏನು ಮಾಡಬಹುದು ಎಂಬ ವಿಷಯ. ಮೊಳಕೆ ಹೆಸರುಕಾಳಿನ ಕೋಸಂಬರಿಯಿಂದ ಶುರು ಮಾಡಿ. ಕಾಳನ್ನು ಮಕ್ಕಳೇ ನೆನೆಸಲಿ, ಮರುದಿನ ಬಟ್ಟೆಯಲ್ಲಿ ಕಟ್ಟಲಿ, ಅದರ ಮರುದಿನ ಬಿಚ್ಚಿ ನೋಡಲಿ. ಬಾಲ ಬಂದ ಕಾಳನ್ನು ನೋಡಿದ ಮಗು ಒಂದನ್ನಾದರೂ ರುಚಿ ನೋಡಬೇಕು ಅನ್ನದೆ ಇರುವುದಿಲ್ಲ. ಆದರೆ ಮಕ್ಕಳಿಗೆ ಹಸಿ ಮೊಳಕೆ ಕೊಡಬೇಡಿ. ಬಡಿಸುವ ಮುಂಚೆ ಕುದಿಯುವ ನೀರಿನಲ್ಲಿ ಚೆನ್ನಾಗಿ ಬೇಯಿಸಿ ಬಸಿದುಕೊಳ್ಳಿ. ಒಂದು ಇಂಡಕ್ಷನ್ ಒಲೆ ಇದ್ದರೆ ಇಷ್ಟಕ್ಕೆಲ್ಲ ಸಾಕು.

ಎರಡನೆಯದು ತಂಬುಳಿ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನಮ್ಮ ಕಡೆಯ ಮಕ್ಕಳಿಗೆ ಮಾತ್ರ ಪೂರಾ ಹೊಸದು. ಒಂದೆಲಗ, ಕಾಯಿ, ಜೀರಿಗೆ, ನಾಲ್ಕು ಕಾಳುಮೆಣಸು ರುಬ್ಬಿ ಮಜ್ಜಿಗೆ ಬೆರೆಸಿದರೆ ಆಯಿತು. ಒಂದೆಲಗಕ್ಕೆ ತುಸು ಕಹಿ ಇದೆ, ಮಜ್ಜಿಗೆ ಅದನ್ನು ಮೆತ್ತಗೆ ಮಾಡುತ್ತದೆ. ಮೊದಲ ಸಲ ಎಲೆ ಕಮ್ಮಿ, ಕಾಯಿ ಜಾಸ್ತಿ ಇರಲಿ. ಚರಂಡಿ ಪಕ್ಕ, ಗಲೀಜು ನೀರು ನಿಲ್ಲುವ ಕಡೆ ಬೆಳೆದ ಒಂದೆಲಗ ಬೇಡ. ಒಂದು ಹಳೆಯ ಟಬ್ಬಿನಲ್ಲಿ ಮಣ್ಣು ಹಾಕಿ ನೆಟ್ಟರೆ ಬಳ್ಳಿ ತಾನೇ ಹರಡಿಕೊಳ್ಳುತ್ತದೆ. ಪಕ್ಕದಲ್ಲಿ ದೊಡ್ಡಪತ್ರೆಯ ಒಂದು ಕಡ್ಡಿ ಚುಚ್ಚಿಡಿ. ಅದರ ಎಲೆಯನ್ನು ಕೈಯಲ್ಲಿ ತಿಕ್ಕಿ ಮೂಸುವುದೇ ಮಕ್ಕಳಿಗೆ ಒಂದು ಆಟ.

ಡಿಸೆಂಬರ್, ಜನವರಿ ಬಂದರೆ ಅವರೆಕಾಯಿ ಬಿಟ್ಟು ಬೇರೆ ಯೋಚನೆಯೇ ಬೇಡ. ಕಾಯಿ ಬಿಡಿಸುವುದು, ನೆನೆಸಿದ ಕಾಳನ್ನು ಹಿತುಕುವುದು, ಎಲ್ಲ ಕೈ ಕೆಲಸ. ಚಾಕುವೂ ಬೇಡ. ಸೊಗಡಿನ ವಾಸನೆ ಕೈಗೆ ಹತ್ತಿಕೊಂಡು ಮನೆಯವರೆಗೂ ಹೋಗುತ್ತದೆ. ಹಿತಕಿದ ಬೇಳೆಯನ್ನು ಚೆನ್ನಾಗಿ ಬೇಯಿಸಿ ಉಪ್ಪು, ಕಾಯಿತುರಿ, ನಿಂಬೆಹುಳಿ ಹಾಕಿಕೊಡಿ. ಹಸಿಯಾಗಿ ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ ಇನ್ನೊಂದಿದೆ. ಹೊಸ ಆಹಾರವನ್ನು ದೂರದಿಂದ ತರಬೇಕಾಗಿಲ್ಲ. ನಿಮ್ಮ ತರಗತಿಯಲ್ಲೇ ಒಬ್ಬರಿಗೆ ದಿನದ ಊಟ ಆಗಿರುವುದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ. ನಮ್ಮ ಶಾಲೆಯಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಬಹಳ ಇದ್ದಾರೆ. ಒಡಿಶಾ, ಬಿಹಾರದವರೂ ಇದ್ದಾರೆ. ಯಾದಗಿರಿಯ ಒಬ್ಬ ಹುಡುಗಿ ಡಬ್ಬಿಯ ಮುಚ್ಚಳ ಅರ್ಧ ಮಾತ್ರ ತೆಗೆದು ಜೋಳದ ರೊಟ್ಟಿ ತಿನ್ನುತ್ತಿದ್ದಳು. ಕಪ್ಪಗಿರುವ ಗುರೆಳ್ಳು ಚಟ್ನಿಯನ್ನು ಪಕ್ಕದವರು ಮಣ್ಣು ಎಂದಿದ್ದರು. ಅವಳ ಅಮ್ಮನನ್ನು ಕೇಳಿಕೊಂಡೆ, ಒಂದು ಶನಿವಾರ ಬಂದು ರೊಟ್ಟಿ ಬಡಿದು ತೋರಿಸುತ್ತೀರಾ ಎಂದು. ಬಂದರು. ಹಿಟ್ಟಿಗೆ ಕುದಿಯುವ ನೀರು ಹಾಕುತ್ತಾ ಅವರು ಹೇಳಿದ್ದು ನನಗೆ ಹಾಗೇ ನೆನಪಿದೆ: "ನೀರು ಕುದೀಬೇಕ್ರೀ, ಇಲ್ಲಾಂದ್ರ ರೊಟ್ಟಿ ಹರೀತದ." ಅವತ್ತಿನ ವಿಜ್ಞಾನದ ಪಾಠವೂ ಅದೇ ಆಯಿತು. ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟಿನ ಅಂಶ ಜೋಳದಲ್ಲಿಲ್ಲ. ಬಿಸಿ ನೀರಿಗೆ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬರುತ್ತದೆ. ಮಕ್ಕಳು ಒಂದು ಉಂಡೆಯನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಬಿಸಿ ನೀರಿನಲ್ಲಿ ಕಲಸಿದ ಹಿಟ್ಟಿನಿಂದ ಮಾಡಿ ಬಡಿದು ನೋಡಿದರು. ತಣ್ಣೀರಿನದು ಅಂಚಿನಲ್ಲೆಲ್ಲ ಬಿರುಕು ಬಿಟ್ಟಿತು. ಆ ಹುಡುಗಿ ಮಾತ್ರ ರೊಟ್ಟಿಯನ್ನು ತಿರುಗಿಸುತ್ತಾ ಸಲೀಸಾಗಿ ಬಡಿದಳು. ಅಂಗೈ ಹೇಗೆ ಇಡಬೇಕು ಎಂದು ಉಳಿದವರಿಗೆ ಅವಳೇ ಹೇಳಿಕೊಟ್ಟಳು. ತರಗತಿಯಲ್ಲಿ ಕೈ ಎತ್ತದಿದ್ದ ಮಗು ಅದು. ಆಮೇಲೆ ಅವಳ ಚಟ್ನಿಗೆ ಬೇಡಿಕೆ ಬಂತು.

ಹಾಗಾಗಿ ನಿಮ್ಮ ಮಕ್ಕಳನ್ನೇ ಮೊದಲು ಕೇಳಿ: ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ, ಅಜ್ಜಿ ಊರಿಗೆ ಹೋದರೆ ಏನು ಸಿಗುತ್ತದೆ? ಮೀನು, ಮಾಂಸ ಎಂದು ಹೇಳುವ ಮಕ್ಕಳೂ ಅಷ್ಟೇ ಹೆಮ್ಮೆಯಿಂದ ಹೇಳುವ ಹಾಗಿರಬೇಕು. ತರಗತಿಯಲ್ಲಿ ನಾನು ಎಲ್ಲರೂ ತಿನ್ನಬಹುದಾದ್ದನ್ನೇ ಮಾಡಿಸುತ್ತೇನೆ. ಒಂದೇ ಪಾತ್ರೆಯಿಂದ ಎಲ್ಲರಿಗೂ ಬಡಿಸುವುದು ನನಗೆ ಬಹಳ ಮುಖ್ಯ. ಆದರೆ ಒಂದು ಮನೆಯ ಊಟ ಮೇಲು, ಇನ್ನೊಂದು ಕೀಳು ಎಂಬ ಮಾತು ಆ ಕೋಣೆಯಲ್ಲಿ ಬರಲು ನಾನು ಬಿಡುವುದಿಲ್ಲ.

ಅದಕ್ಕೇ ನಮ್ಮಲ್ಲಿ ಒಂದು ನಿಯಮ ಇದೆ. "ಛೀ" ಅನ್ನುವಂತಿಲ್ಲ. "ನನಗೆ ಈಗ ಬೇಡ" ಎಂದು ಯಾರು ಬೇಕಾದರೂ ಹೇಳಬಹುದು, ಹೇಳಿದರೆ ಮತ್ತೆ ಯಾರೂ ಒತ್ತಾಯ ಮಾಡುವುದಿಲ್ಲ. ಬಾಯಿಗೆ ಹಾಕಿಕೊಂಡದ್ದು ಹಿಡಿಸದಿದ್ದರೆ ಕಾಗದದ ಮೇಲೆ ಉಗಿಯಬಹುದು. ಇದನ್ನು ಕೇಳಿ ಕೆಲವು ಶಿಕ್ಷಕರು ಹುಬ್ಬೇರಿಸುತ್ತಾರೆ. ಆದರೆ ಉಗಿಯಬಹುದು ಎಂದು ಗೊತ್ತಿದ್ದರೇನೇ ಹೆದರುವ ಮಗು ನಾಲಿಗೆಗೆ ಮುಟ್ಟಿಸಿ ನೋಡುತ್ತದೆ.

"ಛೀ" ಬದಲಿಗೆ ಅವರಿಗೆ ಮಾತು ಬೇಕಲ್ಲ. ಒಗರು, ಘಾಟು, ಲೋಳೆ, ಗರಿಗರಿ, ಸಪ್ಪೆ, ಕಮಟು. ಇವನ್ನೆಲ್ಲ ಬೋರ್ಡಿನ ಮೇಲೆ ಬರೆದಿಡುತ್ತೇನೆ. ಬಸಳೆ ತಿಂದು ಲೋಳೆ ಎಂದು ಹೇಳಲು ಬಂದ ಮಗು ಮುಂದಿನ ಸಲ ಲೋಳೆಗೆ ಅಷ್ಟು ಬೆಚ್ಚುವುದಿಲ್ಲ. ಫ್ರಾನ್ಸಿನಲ್ಲಿ ಜಾಕ್ ಪ್ಯೂಸೆ ಎಂಬುವರು 1970ರ ದಶಕದಲ್ಲೇ ಶಾಲಾ ಮಕ್ಕಳಿಗೆ ರುಚಿಯ ಪಾಠಗಳನ್ನು ಶುರು ಮಾಡಿದ್ದರು. ನೋಡು, ಮೂಸು, ಮುಟ್ಟು, ಸದ್ದು ಕೇಳು, ಆಮೇಲೆ ರುಚಿ ನೋಡಿ ನಿನ್ನ ಮಾತಿನಲ್ಲಿ ಹೇಳು ಎಂಬುದೇ ಆ ಪಾಠಗಳ ತಿರುಳು.

ಚಾಕು, ಬೆಂಕಿಯ ಭಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮಕ್ಕಳು ಸೊಪ್ಪನ್ನು ಕೈಯಲ್ಲೇ ಬಿಡಿಸಲಿ, ಸೌತೆಕಾಯಿಗೆ ಮೊಂಡು ಚಾಕು ಸಾಕು. ಒಲೆಯ ಹತ್ತಿರ ಒಬ್ಬರು ದೊಡ್ಡವರು ಕದಲದೆ ನಿಲ್ಲಬೇಕು, ಒಲೆ ಗೋಡೆ ಬದಿಗೆ ಇರಬೇಕು. ಎಂಟೆಂಟು ಮಕ್ಕಳ ಗುಂಪು ಮಾಡಿ, ಉಳಿದವರಿಗೆ ಬೇರೆ ಕೆಲಸ ಕೊಡಿ. ಸೋಪು ಹಾಕಿ ಕೈ ತೊಳೆಯುವುದು, ಉಗುರು ನೋಡುವುದು ಮೊದಲು ಆಗಲಿ. ಇದಕ್ಕಿಂತ ಮುಖ್ಯವಾದದ್ದು ಅಲರ್ಜಿ. ಶೇಂಗಾ, ಎಳ್ಳು, ಗೋಡಂಬಿ, ಹಾಲು, ಮೊಟ್ಟೆ, ಗೋಧಿ, ಇವುಗಳಲ್ಲಿ ಯಾವುದಾದರೂ ಮಗುವಿಗೆ ಆಗುವುದಿಲ್ಲವೇ ಎಂದು ಪ್ರತಿ ಮನೆಯಿಂದಲೂ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ಆ ಚೀಟಿಯಲ್ಲೇ ಯಾವ ದಿನ ಏನು ಮಾಡುತ್ತೀರಿ, ಏನೇನು ಹಾಕುತ್ತೀರಿ ಎಂದು ಬರೆದು ಕಳಿಸಿದರೆ ಪೋಷಕರ ಅರ್ಧ ಆತಂಕ ಕಳೆಯುತ್ತದೆ.

ಬಿಸಿಯೂಟದ ಅಡುಗೆ ಸಿಬ್ಬಂದಿ ನಿಮ್ಮ ಶಾಲೆಯಲ್ಲಿದ್ದರೆ ಅವರನ್ನು ಜೊತೆಗೆ ಸೇರಿಸಿಕೊಳ್ಳಿ. ಮಕ್ಕಳು ಬೆಳಗ್ಗೆ ಬಿಡಿಸಿದ ನುಗ್ಗೆಸೊಪ್ಪು ಮಧ್ಯಾಹ್ನದ ಸಾಂಬಾರಿಗೆ ಬೀಳಲಿ. ತಾನು ಬಿಡಿಸಿದ ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುವ ಮುಂಚೆ ಮಗು ಒಂದು ಸಲ ಯೋಚನೆ ಮಾಡುತ್ತದೆ.

ಕೊನೆಯದಾಗಿ, ಕೆಲಸ ಮಾಡಿತು ಅಂತ ಗೊತ್ತಾಗೋದು ಹೇಗೆ ಎಂದಿರಿ. ಖಾಲಿ ತಟ್ಟೆ ಲೆಕ್ಕ ಹಾಕಬೇಡಿ. ಮೊದಲ ವಾರ ದೂರ ನಿಂತಿದ್ದ ಮಗು ಈ ವಾರ ಮುಟ್ಟಿತಾ? ಮೂಸಿತಾ? ಹೆಸರು ಕೇಳಿತಾ? ನಾನು ಇದನ್ನೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಕೆಲವರು ಒಂದು ಟರ್ಮ್ ಪೂರ್ತಿ ಮೂಸುವುದರಲ್ಲೇ ಇರುತ್ತಾರೆ, ಪರವಾಗಿಲ್ಲ. ನೀವು ಯಾವ ಊರಿನವರು, ಅಲ್ಲಿ ಸಂತೆಯಲ್ಲಿ ಯಾವ ಸೊಪ್ಪು, ಯಾವ ಕಾಳು ಸಿಗುತ್ತದೆ, ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಬರೆಯಿರಿ. ಮೊದಲ ತಿಂಗಳಿಗೆ ಯಾವ ಪದಾರ್ಥ ಹಿಡಿದು ಏನೇನು ಮಾಡಬಹುದು ಎಂದು ನನಗೆ ತೋಚಿದ್ದನ್ನು ಹೇಳುತ್ತೇನೆ.