ನಿನ್ನೆಯ ವೇಬಿಲ್ ನಿನ್ನೆಗೇ ಜಮಾ

ಓದುಗರ ಪ್ರಶ್ನೆ: ಈ ಸಲ ಕಾದಂಬರಿ ಬರೆಯಲು ಕುಳಿತವರ ಪತ್ರಗಳು. ಉತ್ತರ ಕೊಟ್ಟವರು ಬಾಗಲಕೋಟೆ ನವನಗರದ ಕಾದಂಬರಿಕಾರರು, ನಿವೃತ್ತ ಬಸ್ ಕಂಡಕ್ಟರ್.

ಪ್ರಶ್ನೆ: ಸರ್, ನಾನು ಸೊಸೈಟಿಯೊಂದರಲ್ಲಿ ಕ್ಲರ್ಕ್. ಎರಡು ಮಕ್ಕಳು. ನಮ್ಮಜ್ಜಿಯ ಮಗ್ಗದ ಮನೆ ಬಗ್ಗೆ ಕಾದಂಬರಿ ಬರೆಯಬೇಕು ಅಂತ ಬಹಳ ವರ್ಷದ ಆಸೆ. ದಿನಕ್ಕೆ 1,667 ಪದ ಬರೆದರೆ ಒಂದೇ ತಿಂಗಳಲ್ಲಿ ಕಾದಂಬರಿ ಆಗುತ್ತದೆ ಅಂತ ಒಂದು ವಿಡಿಯೊದಲ್ಲಿ ಹೇಳಿದರು. ಹಟ ಹಿಡಿದು ಒಂಬತ್ತು ದಿನ ಲೆಕ್ಕ ತಪ್ಪದೆ ಬರೆದೆ. ಹತ್ತನೇ ದಿನ ಮಗನಿಗೆ ಜ್ವರ ಬಂತು. ಹಿಂದೆಯೇ ಮಾರ್ಚ್ ಲೆಕ್ಕದ ಕೆಲಸ. ಹನ್ನೆರಡು ದಿನ ತಪ್ಪಿತು, ಬಾಕಿ 20,000 ಪದ ಆಯಿತು. ಈಗ ನೋಟ್‌ಬುಕ್ ಮುಟ್ಟಲಿಕ್ಕೇ ಹೆದರಿಕೆ. ಇದು ನನ್ನಿಂದ ಆಗುವ ಕೆಲಸ ಅಲ್ವೇನೋ?
— ಓದುಗಿ, ಇಳಕಲ್

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಾಕಿ ಎಷ್ಟು ಅಂತ ಬರೆದಿದ್ದೀರಿ. ಬರೆದದ್ದು ಎಷ್ಟು ಅಂತ ಎಲ್ಲೂ ಹೇಳಿಲ್ಲ. ನಾನು ಲೆಕ್ಕ ಹಾಕಿದೆ. ಒಂಬತ್ತು ದಿನಕ್ಕೆ 15,000 ಪದ. ನನ್ನ ಪುಸ್ತಕಗಳಲ್ಲಿ ಒಂದು ಪುಟಕ್ಕೆ ಹೆಚ್ಚುಕಡಿಮೆ 200 ಪದ ಹಿಡಿಯುತ್ತವೆ. ಅಂದರೆ ಅಚ್ಚಿನ 75 ಪುಟ ಈಗಾಗಲೇ ನಿಮ್ಮ ಮನೆಯಲ್ಲಿದೆ. ಮೊದಲ ಕಾದಂಬರಿಯಲ್ಲಿ ಅಷ್ಟು ದೂರ ಬರಲಿಕ್ಕೆ ನನಗೆ ಒಂದು ವರ್ಷ ಹಿಡಿದಿತ್ತು.

ಆ 1,667ರ ಲೆಕ್ಕ ಎಲ್ಲಿಂದ ಬಂತು ಅಂತ ತಿಳಿದರೆ ನಿಮ್ಮ ಹೆದರಿಕೆ ಸ್ವಲ್ಪ ಇಳಿಯಬಹುದು. 1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ 21 ಮಂದಿ, ಒಂದೇ ತಿಂಗಳಲ್ಲಿ ಒಂದೊಂದು ಕಾದಂಬರಿ ಬರೆಯೋಣ ಅಂತ ಪಣ ತೊಟ್ಟರು. ಮುಂದೆ ಅದೇ ನ್ಯಾನೋರೈಮೋ ಅನ್ನುವ ಹೆಸರಿನಲ್ಲಿ ಪ್ರತಿ ನವೆಂಬರ್ ಲೋಕದ ತುಂಬ ನಡೆಯಿತು. ಮೂವತ್ತು ದಿನಕ್ಕೆ 50,000 ಪದ, ಅದಕ್ಕೇ ದಿನಕ್ಕೆ 1,667. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚಿತು, ಲೆಕ್ಕ ಮಾತ್ರ ಉಳಿದುಕೊಂಡಿತು.

ಆದರೆ ಅದು ಇಂಗ್ಲಿಷಿನ ಲೆಕ್ಕ. ನಾವು 'ಹೋಗಬೇಕಾಗಿತ್ತಂತೆ' ಅಂತ ಒಂದೇ ಪದದಲ್ಲಿ ಹೇಳುವುದಕ್ಕೆ ಅವರಿಗೆ ಐದಾರು ಪದ ಬೇಕು. 'ಮನೆಯಿಂದ' ಅನ್ನಲಿಕ್ಕೂ ಅಲ್ಲಿ ಎರಡು ಮೂರು ಪದ. ನನ್ನ ಅಂದಾಜಿನಲ್ಲಿ ಅಲ್ಲಿಯ 1,667 ನಮ್ಮ ಒಂದು ಸಾವಿರ ಚಿಲ್ಲರೆ ಪದಕ್ಕೆ ಸಮ. ಆ ಒಂಬತ್ತು ದಿನ ಕನ್ನಡದಲ್ಲಿ ನೀವು ಅವರಿಗಿಂತ ಎಷ್ಟೋ ಜಾಸ್ತಿ ಹೊತ್ತಿದ್ದೀರಿ. ಕೆಲಸ, ಅಡುಗೆ, ಮಕ್ಕಳ ಹೋಮ್‌ವರ್ಕ್ ಎಲ್ಲ ಮುಗಿಸಿ!

ಇನ್ನು ಬಾಕಿಯ ಮಾತು. ಇದನ್ನು ನಾನು ಅನುಭವಿಸಿದ್ದೇನೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ನಾನು ಡ್ಯೂಟಿಗೆ ಸೇರಿದ ಕಾಲಕ್ಕೆ ಟಿಕೆಟ್ ಮಷಿನ್ ಇರಲಿಲ್ಲ. ಕಂಕುಳಲ್ಲಿ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಕಟ್ಟುಗಳು. ಒಂದು ವರ್ಷ ಜನವರಿ ಒಂದನೇ ತಾರೀಖಿಗೆ ದಿನಾ ನಾಲ್ಕು ಪುಟ ಬರೆಯುತ್ತೇನೆ ಅಂತ ಸಂಕಲ್ಪ ಮಾಡಿದೆ. ಎರಡು ವಾರ ಬರೆದೆ. ಅಷ್ಟರಲ್ಲಿ ಬನದ ಹುಣ್ಣಿಮೆ ಬಂತು, ಬಾದಾಮಿ ಬನಶಂಕರಿ ಜಾತ್ರೆ. ನಮ್ಮ ಕಡೆಯವರಿಗೆ ಗೊತ್ತು, ಜಾತ್ರೆ ಸ್ಪೆಷಲ್ ಡ್ಯೂಟಿ ಅಂದರೆ ಹಗಲು ರಾತ್ರಿ ಒಂದೇ. ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹತ್ತು ದಿನ ಒಂದಕ್ಷರ ಬರೆಯಲಿಲ್ಲ. ವಾಪಸ್ ಬಂದು ಹಾಳೆಯ ಮೂಲೆಯಲ್ಲಿ 'ಬಾಕಿ 40 ಪುಟ' ಅಂತ ಬರೆದುಕೊಂಡೆ. ಮರುದಿನ 44 ಆಯಿತು, ಅದರ ಮರುದಿನ 48. ಆ ನೋಟ್‌ಬುಕ್ಕನ್ನು ಟ್ರಂಕಿನ ತಳಕ್ಕೆ ಹಾಕಿದವನು ಮುಂದಿನ ಜಾತ್ರೆಯವರೆಗೂ ತೆಗೆಯಲಿಲ್ಲ. ಇಡೀ ಒಂದು ವರ್ಷ ಹೋಯಿತು ತಂಗಿ. ಅದಕ್ಕೆ ಜಾತ್ರೆ ಕಾರಣ ಅಲ್ಲ. ಆ 'ಬಾಕಿ' ಅನ್ನುವ ಎರಡು ಅಕ್ಷರ ಕಾರಣ.

ಬಿಡಿಸಿಕೊಂಡದ್ದು ನನ್ನದೇ ಕೆಲಸದಿಂದ. ಆಗ ಕಂಡಕ್ಟರ್ ಹತ್ತಿರ ವೇಬಿಲ್ ಅಂತ ಒಂದು ಹಾಳೆ ಇರುತ್ತಿತ್ತು. ಪ್ರತಿ ಸ್ಟೇಜಿಗೂ ಯಾವ ದರದ ಟಿಕೆಟ್ ಯಾವ ನಂಬರ್‌ವರೆಗೆ ಹರಿದಿದೆ ಅಂತ ಅದರಲ್ಲಿ ಬರೆಯಬೇಕಿತ್ತು. ಗದ್ದನಕೇರಿ ಕ್ರಾಸಿಗೆ ಒಂದು ಸಾಲು, ಅನಗವಾಡಿಗೆ ಒಂದು ಸಾಲು. ರಾತ್ರಿ ಡಿಪೋದಲ್ಲಿ ಹಣ ಕಟ್ಟಿ ವೇಬಿಲ್ ಒಪ್ಪಿಸಿದರೆ ಆ ದಿನ ಮುಗಿಯಿತು. ನಿನ್ನೆ ಬಸ್ ಖಾಲಿ ಓಡಿತ್ತು ಅಂತ ಇವತ್ತು ಒಬ್ಬ ಪ್ರಯಾಣಿಕರಿಗೆ ಎರಡೆರಡು ಟಿಕೆಟ್ ಹರಿಯಲಿಕ್ಕೆ ಬರುತ್ತದೆಯೇ? ಬೆಳಿಗ್ಗೆ ಹೊಸ ವೇಬಿಲ್ ಕೊಡುತ್ತಿದ್ದರು. ಮೇಲೆ ಇವತ್ತಿನ ತಾರೀಖು, ಕೆಳಗೆ ಖಾಲಿ ಸಾಲು.

ಆವತ್ತಿನಿಂದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರೇ ಕಾಲಂ ಹಾಕಿಕೊಂಡೆ. ತಾರೀಖು, ಇವತ್ತು ಬರೆದ ಪದ, ಇಲ್ಲಿಯವರೆಗೆ ಒಟ್ಟು. ಬಾಕಿಗೆ ಕಾಲಂ ಇಲ್ಲ. ಬರೆಯದ ದಿನ ಸೊನ್ನೆ ಹಾಕುತ್ತೇನೆ, ಮರುದಿನದ ಗುರಿ ಅಷ್ಟೇ ಇರುತ್ತದೆ. ಒಟ್ಟು ಅನ್ನುವ ಕಾಲಂ ಎಂದೂ ಇಳಿಯುವುದಿಲ್ಲ, ಅದನ್ನು ನೋಡುವುದೇ ಒಂದು ಧೈರ್ಯ. ದಯವಿಟ್ಟು ನಿಮ್ಮ 20,000ವನ್ನು ಇವತ್ತೇ ಹೊಡೆದುಹಾಕಿ, ಅಲ್ಲಿ 15,000 ಅಂತ ಬರೆಯಿರಿ.

ಗುರಿ ಎಷ್ಟಿರಬೇಕು? ಮಗನಿಗೆ ಜ್ವರ ಬಂದು ಬಿಟ್ಟ ಮರುದಿನ, ನಿದ್ದೆಗೆಟ್ಟ ಕಣ್ಣಲ್ಲಿ ನೀವು ಎಷ್ಟು ಬರೆಯಬಲ್ಲಿರಿ? ಅಷ್ಟು. ನಿಮ್ಮ ಅತ್ಯುತ್ತಮ ದಿನವನ್ನು ಅಳತೆಗೆ ಹಿಡಿಯಬೇಡಿ. 250 ಅಂತ ಇಟ್ಟುಕೊಳ್ಳಿ, ವಾರಕ್ಕೆ ಐದು ದಿನ. ವಾರಕ್ಕೆ 1,250 ಆಗುತ್ತದೆ. 45,000 ಪದದ ಕಾದಂಬರಿ ಅಂದರೂ ನಿಮಗೆ ಉಳಿದದ್ದು 30,000, ಅಂದರೆ 24 ವಾರ. ಮಾರ್ಚ್ ಲೆಕ್ಕ ಮುಗಿಸಿ ಏಪ್ರಿಲ್‌ಗೆ ಶುರು ಮಾಡಿದರೆ ದಸರೆಗೆ ಬನ್ನಿ ಕೊಡುವ ಹೊತ್ತಿಗೆ ನಿಮ್ಮ ಕೈಯಲ್ಲಿ ಇಡೀ ಹಸ್ತಪ್ರತಿ ಇರುತ್ತದೆ. ನಡುವೆ ಎರಡು ಮೂರು ವಾರ ತಪ್ಪಿದರೆ ದೀಪಾವಳಿಗೆ.

ನೋಟ್‌ಬುಕ್ಕಿನಲ್ಲಿ ಬರೆಯುವವರಿಗೆ ಎಣಿಸುವುದು ಕಷ್ಟ ಅನಿಸುತ್ತದೆ. ಹತ್ತು ಸಾಲಿನ ಪದ ಎಣಿಸಿ ಹತ್ತರಿಂದ ಭಾಗಿಸಿ. ನನ್ನ ಅಕ್ಷರದಲ್ಲಿ ಸಾಲಿಗೆ ಏಳು ಪದ. ಆಮೇಲೆ ಸಾಲು ಎಣಿಸಿದರೆ ಸಾಕು.

ಇನ್ನೊಂದನ್ನು ನಿಮ್ಮೂರಿನಿಂದಲೇ ಕಲಿಯಬಹುದು. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೆಲಸ ನಿಮ್ಮಜ್ಜಿಯ ಮನೆಯಲ್ಲಿ ನೀವು ಕಣ್ಣಾರೆ ಕಂಡಿರಬೇಕು. ದಿನದ ಬರವಣಿಗೆ ನಿಲ್ಲಿಸುವಾಗ ನಾಳೆಗೆ ಒಂದು ಕೊಂಡಿ ಬಿಟ್ಟು ಏಳಿ. ಮಾತು ಅರ್ಧಕ್ಕೆ ಇರುವಾಗಲೇ ನಿಲ್ಲಿಸಿ, ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿಡಿ. 'ಅಜ್ಜಿ ಸಾಹುಕಾರರ ಮನೆಯಿಂದ ನೂಲು ತರದೆ ಬರಿಗೈಲಿ ಬಂದಳು, ಅಜ್ಜ ಏನಂದ?' ಇಷ್ಟು ಸಾಕು. ನಾಳೆ ಕುಳಿತಾಗ ಮೊದಲ ಎಳೆ ಹುಡುಕುವ ಕೆಲಸ ಇರುವುದಿಲ್ಲ.

ಆ 15,000 ಪದಗಳನ್ನು ಈಗ ತಿದ್ದಲಿಕ್ಕೆ ಹೋಗಬೇಡಿ. ಕಡೆಯ ಎರಡು ಪುಟ ಓದಿ, ಮುಂದಕ್ಕೆ ಬರೆಯಿರಿ. ಮಗ ಈಗ ಆರಾಮಾಗಿದ್ದಾನೆ ಅಂದುಕೊಂಡಿದ್ದೇನೆ.

ಪ್ರಶ್ನೆ: ಮೊದಲ ಅಧ್ಯಾಯವನ್ನು ಹನ್ನೊಂದು ಸಲ ತಿದ್ದಿದ್ದೇನೆ. ಎರಡನೇ ಅಧ್ಯಾಯಕ್ಕೆ ಹೋದ ಕೂಡಲೇ ಮೊದಲಿನದರಲ್ಲಿ ತಪ್ಪು ಕಾಣುತ್ತದೆ. ಏನು ಮಾಡಲಿ?
— ಓದುಗ, ರಬಕವಿ

ಉತ್ತರ: ತಮ್ಮಾ, ತಪ್ಪು ಕಾಣುವುದು ಒಳ್ಳೆಯದೇ. ಆದರೆ ಅದನ್ನು ಸರಿಮಾಡಲು ಹಿಂದಕ್ಕೆ ಹೋಗಬೇಡ. ಬೇರೆ ಒಂದು ಸಣ್ಣ ಡೈರಿ ಇಡು. ಅದರಲ್ಲಿ ಬರೆ: 'ಅಧ್ಯಾಯ 1: ಅಣ್ಣನಿಗೆ ಮದುವೆ ಆಗಿಲ್ಲ ಅಂತ ಮಾಡಬೇಕು.' ಬರೆದು, ಮದುವೆ ಆಗಿಲ್ಲ ಅಂತಲೇ ತಿಳಿದು ಮುಂದಿನ ಅಧ್ಯಾಯ ಬರೆ. ನನ್ನ ಎರಡನೇ ಕಾದಂಬರಿಯ ಮೊದಲ ಪ್ರತಿಯಲ್ಲಿ ನಾಯಕಿಗೆ 60ನೇ ಪುಟದವರೆಗೆ ತಾಯಿ ಇದ್ದಳು, ಅಲ್ಲಿಂದ ಮುಂದೆ ಆಕೆ ಹುಟ್ಟಾ ತಬ್ಬಲಿ. ಕೊನೆಗೆ ಎಲ್ಲ ಮುಗಿದ ಮೇಲೆ ಡೈರಿ ಹಿಡಿದು ಒಂದೇ ಸಲ ಸರಿ ಮಾಡಿದೆ. ಕತೆ ಕೊನೆ ಮುಟ್ಟುವವರೆಗೆ ಮೊದಲ ಅಧ್ಯಾಯದಲ್ಲಿ ಏನು ಇರಬೇಕು ಅಂತ ನನಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರುವುದಿಲ್ಲ.

ನಿನಗೆ ಪದದ ಗುರಿ ಬೇರೆ ಥರ ಇರಲಿ. ತಿದ್ದಿದ್ದು ಎಣಿಕೆಗೆ ಇಲ್ಲ. ಹೊಸದಾಗಿ ಬರೆದದ್ದು ಮಾತ್ರ.

ಪ್ರಶ್ನೆ: ದಿನಕ್ಕೆ ಇಷ್ಟು ಪದ ಅಂತ ಎಣಿಸಿ ಬರೆಯುವುದು ಸಾಹಿತ್ಯಕ್ಕೆ ಮಾಡುವ ಅವಮಾನ ಅಲ್ಲವೇ? ಸ್ಫೂರ್ತಿ ಬಂದಾಗ ಬರೆದದ್ದೇ ನಿಜವಾದ ಬರಹ ಅಂತ ನನ್ನ ಭಾವನೆ.
— ನಿವೃತ್ತ ಶಿಕ್ಷಕರು, ಗೋಕಾಕ

ಉತ್ತರ: ಸರ್, ತಮ್ಮ ಭಾವನೆಗೆ ನಮಸ್ಕಾರ. ಆದರೆ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಆಂಥನಿ ಟ್ರಾಲೊಪ್ ಅಂಚೆ ಇಲಾಖೆಯ ನೌಕರರು. ಬೆಳಿಗ್ಗೆ ಐದೂವರೆಗೆ ಮೇಜಿಗೆ ಕೂರುತ್ತಿದ್ದರು. ಗಡಿಯಾರ ಎದುರಿಗೆ ಇಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ಎಬ್ಬಿಸಿ ಕಾಫಿ ತಂದುಕೊಡಲು ಮನೆಯ ಆಳಿಗೆ ವರ್ಷಕ್ಕೆ ಐದು ಪೌಂಡ್ ಜಾಸ್ತಿ ಕೊಡುತ್ತಿದ್ದರು. ವಾರ ವಾರದ ಪುಟಗಳನ್ನು ಡೈರಿಯಲ್ಲಿ ಗುರುತು ಹಾಕಿ 47 ಕಾದಂಬರಿ ಬರೆದರು. ಅವರು ತೀರಿಕೊಂಡ ಮೇಲೆ 1883ರಲ್ಲಿ ಆತ್ಮಕಥೆ ಬಂತು. ಆ ಲೆಕ್ಕ ಓದಿ ಎಷ್ಟೋ ಜನ ತಮ್ಮ ಹಾಗೆಯೇ ಬೇಸರ ಮಾಡಿಕೊಂಡರು. ಕಾದಂಬರಿಗಳನ್ನು ಮಾತ್ರ ಇವತ್ತಿಗೂ ಓದುತ್ತಾರೆ. ತಮ್ಮ ಗೋಕಾಕ ತಾಲ್ಲೂಕಿನವರೇ ಆದ ಬಸವರಾಜ ಕಟ್ಟೀಮನಿಯವರು ಪತ್ರಿಕೆಯ ಕೆಲಸದ ನಡುವೆಯೇ ಕಾದಂಬರಿ ಬರೆದವರು. ನೌಕರಿ ಮಾಡುವವರಿಗೆ, ಮನೆ ನಡೆಸುವವರಿಗೆ ಸ್ಫೂರ್ತಿ ಬರುವ ಹೊತ್ತಿಗೆ ಕೈ ಬಿಡುವಿರುವುದಿಲ್ಲ ಸರ್. ಬಿಡುವಿದ್ದಾಗ ಕುಳಿತರೆ, ಐವತ್ತು ಪದ ಆದ ಮೇಲೆ ಅದು ತಾನಾಗಿ ಬಂದದ್ದನ್ನು ನಾನು ಬಹಳ ಸಲ ಕಂಡಿದ್ದೇನೆ.

ಪ್ರಶ್ನೆ: ಅರ್ಧ ಕಾದಂಬರಿ ಆಗಿದೆ. ಮನೆಯಲ್ಲಿ ಯಾರೂ ಓದುವವರಿಲ್ಲ, ಕೇಳುವವರಿಲ್ಲ. ಯಾರಿಗಾಗಿ ಬರೆಯುತ್ತಿದ್ದೇನೆ ಅನಿಸಿ ಉತ್ಸಾಹವೇ ಹೋಗಿದೆ.
— ಓದುಗ, ಮುದ್ದೇಬಿಹಾಳ

ಉತ್ತರ: ಅರ್ಧ ದಾರಿಯಲ್ಲಿ ಎಲ್ಲರಿಗೂ ಹೀಗಾಗುತ್ತದೆ. ನನಗೂ ಆಗಿತ್ತು. ಆಗ ನನಗೆ ಬೀಳಗಿ ತಾಲ್ಲೂಕಿನ ಒಂದು ಹಳ್ಳಿಯ ವಸ್ತಿ ಬಸ್ ಡ್ಯೂಟಿ. ರಾತ್ರಿ ಎಂಟೂವರೆಗೆ ಊರು ಸೇರಿ, ಅಲ್ಲೇ ಮಲಗಿ, ಬೆಳಿಗ್ಗೆ ಆರಕ್ಕೆ ಹೊರಡಬೇಕು. ಊಟ ಆದ ಮೇಲೆ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಕುಳಿತು ಬರೆಯುತ್ತಿದ್ದೆ. ಒಂದು ರಾತ್ರಿ ಒಳಗಿನ ಲೈಟ್ ಹಾಕಿಕೊಂಡು ಬಹಳ ಹೊತ್ತು ಬರೆದುಬಿಟ್ಟೆ. ಬೆಳಿಗ್ಗೆ ಬ್ಯಾಟರಿ ಇಳಿದಿತ್ತು. ಊರಿನ ಜನ ಸೇರಿ ಬಸ್ ತಳ್ಳಿದರು. ಡ್ರೈವರ್ ಅಣ್ಣಾರು ನನಗಿಂತ ಹಿರಿಯರು. ಬೈಯಲಿಲ್ಲ. ಸಂಜೆ ತಮ್ಮ ಮನೆಯಿಂದ ಒಂದು ಕಂದೀಲು ತಂದು ಕೊಟ್ಟರು. ಕೊಟ್ಟು, "ಅಂಥಾದ್ದೇನ್ ಬರೀತೀರಿ? ಓದ್ರಿ ನೋಡೂಣು" ಅಂದರು.

ಅವರಿಗೆ ಪುಸ್ತಕ ಓದುವ ಅಭ್ಯಾಸ ಇರಲಿಲ್ಲ. ಕಂಬಳಿ ಹೊದ್ದು ಮಲಗಿ ಕೇಳುತ್ತಿದ್ದರು. ಇದು ಚೆಂದ ಇದೆ, ಇದು ಸರಿ ಇಲ್ಲ ಅಂತ ಒಂದು ದಿನವೂ ಹೇಳಲಿಲ್ಲ. ಓದಿ ನಿಲ್ಲಿಸಿದಾಗ "ಮುಂದ?" ಅನ್ನುವರು. ಇನ್ನೂ ಬರೆದಿಲ್ಲ ಅಂದರೆ ಮಗ್ಗುಲಾಗಿ ಮಲಗುವರು. ನಿಮಗೆ ವಿಮರ್ಶಕರು ಈಗ ಬೇಡ, ಅಂಥ ಒಬ್ಬರು ಬೇಕು. ಮನೆಯಲ್ಲೇ ಸಿಗಬೇಕು ಅಂತಿಲ್ಲ. ದಿನಾ ಜೊತೆಗೆ ಚಹಾ ಕುಡಿಯುವವರು ಇರಬಹುದು, ಪಕ್ಕದ ಅಂಗಡಿಯವರು ಇರಬಹುದು. ಹಸ್ತಪ್ರತಿ ಕೈಗೆ ಕೊಡಬೇಡಿ. ಎರಡು ಪುಟ ನೀವೇ ಓದಿ ಹೇಳಿ.

ಆಮೇಲೆ ಅಣ್ಣಾರಿಗೆ ಬೇರೆ ರೂಟ್ ಹಾಕಿದರು. ನಾನು ಮತ್ತೆ ಒಬ್ಬನೇ ಆದೆ. ಮೂರು ವಾರ ಕೊನೆಯ ಪುಟದಲ್ಲಿ ಬರೀ ಸೊನ್ನೆ. ಒಂದು ಮಧ್ಯಾಹ್ನ ಕೊಲ್ಹಾರದಲ್ಲಿ ನಮ್ಮ ಬಸ್ ನಿಂತಿತ್ತು. ಮೊಸರಿನ ಕುಡಿಕೆ ಹಿಡಿದವರು ಕಿಟಕಿಗೆ ಮುತ್ತಿದ್ದರು. ವಿಜಯಪುರದ ಕಡೆಯಿಂದ ಬಂದ ಬಸ್ಸೊಂದು ಪಕ್ಕದಲ್ಲೇ ನಿಧಾನ ಆಯಿತು. ಡ್ರೈವರ್ ಸೀಟಿನಿಂದ ಅಣ್ಣಾರು ಹೊರಗೆ ಬಾಗಿ ಕೂಗಿದರು, "ಏ ಕಂಡಕ್ಟರ್ ಸಾಹೇಬ್ರ, ಆಕಿ ತವರಿಗೆ ಹೋದ್ಲೇನ್ರಿ?"

ಎರಡೂ ಬಸ್ಸಿನ ಜನ ನನ್ನನ್ನೇ ನೋಡಿದರು. ನಾನು "ಇವತ್ತ ಹೊಂಟಾಳ್ರಿ ಅಣ್ಣಾರ" ಅಂದೆ.

ಆ ರಾತ್ರಿ ಕಂದೀಲು ಹಚ್ಚಿ 410 ಪದ ಬರೆದೆ. ಆಕೆಯನ್ನು ತವರಿಗೆ ಮುಟ್ಟಿಸಿಯೇ ಮಲಗಿದೆ.